ಕಾಯುವ ಮನೆ

ಅಮ್ಮನ ಹೆಸರು ಮಾಲೆಫಾ.
ಮದುವೆಯಾಗಿ ಹೊಸಿಲು ದಾಟಿದ ದಿನವೇ ಅತ್ತೆ ಇಟ್ಟ ಹೆಸರು;
ಇನ್ನೂ ಬಸಿರಾಗದವಳಿಗೆ
ಲೆಫಾನ ತಾಯಿ ಎಂದು.
ನಮ್ಮ ಬೆಟ್ಟಗಳಲ್ಲಿ ಹಾಗೆಯೇ.
ತಾಯಿಯ ಹೆಸರು ಮೊದಲು ಹುಟ್ಟುತ್ತದೆ,
ಮಗು ಹಿಂದಿನಿಂದ ನಡೆದು ಬರಬೇಕು.

ಲೆಫಾ ಬಂದದ್ದು ಜನವರಿಯ ನೆರೆಯಲ್ಲಿ,
ಸೆಂಕು ನದಿಯ ಆಚೆ ದಡದಲ್ಲಿ,
ಮಿಶನ್ನಿನ ಕಡೆಗೇ ಮುಖ ಮಾಡಿ ನಿಂತ ಕುದುರೆಯ ಪಕ್ಕ.
ನೀರು ಇಳಿಯಲೆಂದು ಮೂರು ದಿನ ಕಾದಿದ್ದರು.
ಇಳಿದಾಗ ಸಿಸ್ಟರ್ ಒಜೆಲೀನ್ ದಾಟಿ ಬಂದಳು.
ಚೀಲದಲ್ಲಿ ಎರಡು ಸೀಸೆ:
ಒಂದರಲ್ಲಿ ಔಷಧ, ಒಂದರಲ್ಲಿ ಪವಿತ್ರ ಜಲ.
ಎರಡನೆಯದಕ್ಕಷ್ಟೇ ಸಮಯವಿತ್ತು.

ಆ ಪುಸ್ತಕ ನೋಡಿದ್ದೇನೆ.
ವಾಲಿದ, ಮುದ್ದಾದ ಅಕ್ಷರ.
ದೀಕ್ಷಾಸ್ನಾನ, ಮಣ್ಣು, ಒಂದೇ ಸಾಲಿನಲ್ಲಿ, ಒಂದೇ ಶಾಯಿಯಲ್ಲಿ.
ಹನ್ನೊಂದು ವರ್ಷ ಅಂಥ ಸಾಲುಗಳು.
ಉಳಿದ ಆತ್ಮಗಳ ಲೆಕ್ಕ ಕೆಬೆಕ್ಕಿಗೆ ಹೋಗುತ್ತಿತ್ತಂತೆ,
ಹಡಗಿನ ಅಂಚೆಯಲ್ಲಿ.

ಎರಡನೆಯ ಸಲ ಅಜ್ಜಿ ಯಾರನ್ನೂ ಕೇಳಲಿಲ್ಲ.
ಮಳೆಗೆ ಮುಂಚೆಯೇ ಸೊಸೆಯನ್ನು ನದಿ ದಾಟಿಸಿ
ಜೋಳದ ಹಿಟ್ಟಿನ ಮೂಟೆ, ಒಂದು ಗಡಿಗೆ, ಎರಡು ಕಂಬಳಿ ಸಮೇತ
ಚರ್ಚಿನ ಜಗಲಿಯಲ್ಲಿ ಕೂತುಬಿಟ್ಟಳು.
‘ಇನ್ನೂ ಆರು ವಾರ ಇದೆಯಲ್ಲ’ ಎಂದಳು ಸಿಸ್ಟರ್.
‘ನದಿಗೆ ನಿನ್ನ ಕ್ಯಾಲೆಂಡರ್ ಓದಲು ಬರುವುದಿಲ್ಲ.’
‘ಪ್ರಾರ್ಥನೆಗೆ ಬರುತ್ತೀರಾ?’
‘ಒಲೆ ಹಚ್ಚಲು ಬಿಟ್ಟರೆ.’

ಜೀನುಗಳನ್ನಿಡುವ ಕೋಣೆ ಬಿಟ್ಟುಕೊಟ್ಟಳು.
ಚರ್ಮದ ವಾಸನೆ, ಇಲಿ, ಮುರಿದ ಹಾರ್ಮೋನಿಯಂ.
ಸಗಣಿಯ ಬೆಂಕಿಯ ಮೇಲೆ ನೀರು ಕಾಯುತ್ತಿತ್ತು,
ಅಜ್ಜಿ ಬಾಗಿಲು ಕಾಯುತ್ತಿದ್ದಳು,
ಅಮ್ಮ ನನ್ನನ್ನು ಕಾಯುತ್ತಿದ್ದಳು.

ಮರುವರ್ಷ ಅಲ್ಲಿ ಮೂವರು.
ಆಮೇಲೆ ಕಲ್ಲಿನ ಗೋಡೆ, ಹುಲ್ಲಿನ ಸೂರು, ಹದಿನಾಲ್ಕು ಮಂಚ.
ಹೊಟ್ಟೆ ಹೊತ್ತವರು ಸೊಪ್ಪು ಬಿಡಿಸುತ್ತ, ಗಂಡಂದಿರನ್ನು ಅಣಕಿಸುತ್ತ,
ಒಬ್ಬಳ ಪಾದ ಊದಿದ್ದನ್ನು
ನರ್ಸಿಗಿಂತ ಮೊದಲು ಇನ್ನೊಬ್ಬಳು ಕಾಣುತ್ತಾಳೆ.
ಸಿಸ್ಟರ್ ಆ ಮನೆಯನ್ನು ತಾನು ಕಟ್ಟಿಸಿದೆನೆಂದು
ಒಮ್ಮೆಯೂ ಹೇಳಲಿಲ್ಲ. ಪತ್ರಗಳಲ್ಲಿ ಏನು ಬರೆದಳೋ ಗೊತ್ತಿಲ್ಲ.
ಈಗ ಪೀಚ್ ಮರಗಳ ಹಿಂದೆ ಮಲಗಿದ್ದಾಳೆ,
ಅದೇ ಸಾಲುಗಳ ಮಕ್ಕಳ ನಡುವೆ.

ನಾನು ಲಸಿಕೆಯ ಸವಾರ.
ಮಸೇರುವಿನಿಂದ ಬಂದ ಡಬ್ಬಿಯನ್ನು ಐಸು ಕರಗುವ ಮೊದಲು
ಮೇಲಿನ ಹಳ್ಳಿಗಳಿಗೆ ಮುಟ್ಟಿಸಬೇಕು.
ಕುದುರೆಯ ಹೆಸರು ಶೆಲೆಂಗ್, ಕೊಂಡ ಬೆಲೆಗಿಂತ ಅಗ್ಗದ ಹೆಸರು.
ಕೊಂಬೆಗೆ ತಕ್ಕಡಿ ಕಟ್ಟುತ್ತೇನೆ.
ಮಕ್ಕಳು ಒದೆಯುತ್ತವೆ, ಮುಳ್ಳು ನಿಲ್ಲುವುದೇ ಇಲ್ಲ,
ನಿಲ್ಲದಿರಲಿ.

ಎಲ್ಲರೂ ಬರುವುದಿಲ್ಲ.
ಹೋದ ಆಗಸ್ಟಿನಲ್ಲಿ ಒಬ್ಬಳು ಬರಲಿಲ್ಲ.
ನದಿ ಮೊಣಕಾಲುದ್ದ ಇತ್ತು.
ಗಣಿಯಲ್ಲಿರುವ ಗಂಡನ ಫೋನು ಹತ್ತಲಿಲ್ಲ,
ಅಪ್ಪಣೆಯಿಲ್ಲದೆ ಮಾವ ಕುದುರೆ ಬಿಚ್ಚಲಿಲ್ಲ.
ಅಪ್ಪಣೆ ಬಂದಾಗ ನನ್ನನ್ನು ಕರೆದರು,
ಡಬ್ಬಿಯಿಲ್ಲದೆ ಹೋದೆ.

ನನಗಿಟ್ಟ ಹೆಸರು ತ್ಸೆಡಿಸೊ. ಸಮಾಧಾನ.
ಹೋದವನ ಬೆನ್ನಿಗೆ ಬಂದವರಿಗೆ ಇಡುವ ಹೆಸರು.
ಆದರೂ ಅಮ್ಮ ಮಾಲೆಫಾಳೇ.
ನನ್ನ ಹೆಸರಿನಿಂದ ಅವಳನ್ನು ಯಾರೂ ಕರೆಯುವುದಿಲ್ಲ,
ನಾನೂ ಬಯಸಿಲ್ಲ.

ಸಂಜೆ ಆಚೆ ದಡದಿಂದ ಯಾರೋ
‘ಮಾಲೆಫಾ’ ಎಂದು ಕೂಗುತ್ತಾರೆ, ಕುರಿಯ ವಿಷಯಕ್ಕೋ ಉಪ್ಪಿಗೋ.
ಅವಳಿಗಿಂತ ಮೊದಲು
ನಾನು ತಿರುಗಿ ನೋಡುತ್ತೇನೆ.