ಕೀಲು

ಗೊಂದಲ ಶುರುವಾದದ್ದು ಪದದಿಂದಲೇ.
ಕೀಲು ಅಂದರೆ ನನಗೆ ಮೊಣಕಾಲು,
ಮಣಿಪಾಲದ ಡಾಕ್ಟರು ಎಕ್ಸ್‌ರೇ ಎತ್ತಿ ಹಿಡಿದು
"ಸವೆದಿದೆ, ಸೆವ್ರಿನ್ ಬಾಯಿ" ಎಂದದ್ದು.
ಜಟ್ಟಿಗ ಖಾರ್ವಿಗೆ ಅದು ದೋಣಿಯ ಅಡಿಮರ,
ನೀರೊಳಗೆ ನಿಂತು ಗಾಳಿಯೊಡನೆ ವಾದಿಸುವ ಹಠ.

ಎರಡು ಹಾಯಿದೋಣಿ ನೋಡಿದ್ದೆವು.
ಮಲ್ಪೆಯದು ಚೆಲುವೆ.
ಬಿಳಿ ಮೈ, ತೇಗದ ಅಂಚು,
ಹೊಟ್ಟೆಯಡಿಗೆ ಐದೂಕಾಲು ಅಡಿ ಸೀಸ, ಎಂದೂ ಮಡಚದ್ದು.
ಬಿರುಗಾಳಿ ಮಲಗಿಸಿದರೂ
ತಂಜಾವೂರು ಬೊಂಬೆಯಂತೆ ಮತ್ತೆ ನೆಟ್ಟಗೆ.
ತೆರೆದ ಕಡಲಿಗೆ ಇದರಪ್ಪನಿಲ್ಲ ಎಂದ ಮಾರುವವ.
ನಿಜವೇ. ಆದರೆ ನನ್ನ ಮನೆ ಕೆಮ್ಮಣ್ಣಿನ ಹಿನ್ನೀರಿನಲ್ಲಿ,
ಇಳಿತದ ಹೊತ್ತು ಮರುವಾಯಿ ಹೆಕ್ಕುವವರು
ನೀರಲ್ಲೇ ಕೂತು ಹರಟುವ ಕಡೆ.

ಹಂಗಾರಕಟ್ಟೆಯದು ಬಣ್ಣಗೆಟ್ಟ ಮುದುಕಿ.
ಕ್ಯಾಬಿನ್ನಿನ ನಡುವೆ ಒಂದು ಕಬ್ಬಿಣದ ಪೆಟ್ಟಿಗೆ,
ಮದುವೆ ಮುಗಿದರೂ ಏಳದ ನೆಂಟನ ಹಾಗೆ.
ಹಿಡಿ ತಿರುಗಿಸಿದರೆ (ಎಣಿಸಿದೆ, ಅರವತ್ತೆರಡು ಸುತ್ತು)
ಅಡಿಮರ ಮೇಲೇರುತ್ತದೆ,
ಹೊಳೆ ದಾಟುವ ಹೆಂಗಸು
ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಂತೆ.
ಇಳಿಸಿದರೆ ಐದಡಿ. ಎತ್ತಿದರೆ ಎರಡು.

"ಎರಡೂ ಬೇಕ್ ಅಂದ್ರೆ ಎರಡೂ ಅರ್ಧರ್ಧವೇ ಸಿಕ್ಕೂದ್"
ಎಂದ ಜಟ್ಟಿಗ, ಬೆರಳಲ್ಲಿ ತುಕ್ಕು ಕೆರೆಯುತ್ತ.
ತಂತಿ ಹಗ್ಗ ತುಂಡಾದರೆ?
ಪೆಟ್ಟಿಗೆಯೊಳಗೆ ಚಿಪ್ಪು ಬೆಳೆದು
ಅಡಿಮರ ಇಳಿಯದೇ ಹೋದರೆ, ಅದೂ ಹೊರಗಡಲಲ್ಲಿ?
ನನ್ನಲ್ಲಿ ಉತ್ತರವಿರಲಿಲ್ಲ.

ಬಂದರು ಕಚೇರಿಯಲ್ಲಿ ಇಪ್ಪತ್ತೊಂಬತ್ತು ವರ್ಷ
ಅಳಿವೆಯ ಆಳ ಬರೆದವಳು ನಾನು.
ಸ್ವರ್ಣೆ ಸೀತೆ ಕಡಲಿಗೆ ಬೀಳುವಲ್ಲಿ
ಮರಳ ದಿಬ್ಬ ಮಳೆಗಾಲಕ್ಕೊಮ್ಮೆ ಹಾಸಿಗೆ ಬದಲಿಸುತ್ತದೆ.
ಯಾರೋ ಅಳೆದು ತಂದ ಅಂಕಿ, ನನ್ನ ಕೈಬರಹ.
ಒಂದನ್ನೂ ದಾಟಿರಲಿಲ್ಲ.
ಹೊಳೆಗೊಂದು ದೋಣಿ, ಕಡಲಿಗೊಂದು ಸಿಗುತ್ತದೆ;
ನನಗೆ ಬೇಕಿದ್ದದ್ದು ಆ ದಿಬ್ಬದ ಮೇಲಿನ ಹತ್ತು ನಿಮಿಷ.

ಮುದುಕಿಯನ್ನೇ ಕೊಂಡೆ.

ಮೊದಲ ಸಂಜೆ, ತೂಗುಸೇತುವೆ ದಾಟಲು
ಹಾಯಿಕಂಬ ಮಲಗಿಸಿ, ಅರವತ್ತೆರಡು ಸುತ್ತೂ ಸುತ್ತಿ,
ಕೆಸರಲ್ಲಿ ಹೂತು ಕೂತೆವು.
ಭರತಕ್ಕೆ ಇನ್ನೂ ನಾಲ್ಕು ಗಂಟೆ.
ಜಟ್ಟಿಗ ನಗಲಿಲ್ಲ, ಫ್ಲಾಸ್ಕು ತೆರೆದ.
ಸೇತುವೆಯ ಮೇಲಿಂದ ಯಾರೋ ಮಕ್ಕಳು
ಕಡಲು ಆಚೆ ಇದೆ ಎಂದು ಕೂಗಿದರು.
ಮೊಣಕಾಲ ಕೀಲು ನೋಯುತ್ತಿತ್ತು, ಚಾಚಿ ಕೂತೆ.
ಬೆಳ್ಳಕ್ಕಿಯೊಂದು ದೋಣಿಯ ಸುತ್ತ ನಿಧಾನ ನಡೆದು
ಹೆಜ್ಜೆ ಹೆಜ್ಜೆಗೆ ಆಳ ಅಳೆಯಿತು.
ಒಂದೂವರೆ ಅಡಿ.
ಬರೆದುಕೊಂಡೆ.