ಖಾತೆ

ರೈಲ್ವೆ ಗೇಟಿನ ಈಚೆ, ಕೊಬ್ಬರಿ ಮಂಡಿಯ ಬೆನ್ನಿಗೆ
ನಮ್ಮ ಶೆಡ್ಡು.
ಅರಸೀಕೆರೆಯಲ್ಲಿ ಯಾರು ಏನು ಉದ್ಘಾಟಿಸಿದರೂ
ಅವರ ಹೆಸರು ಮೊದಲು ಇಲ್ಲಿ ಅಂಗಾತ ಮಲಗಿ
ಅಪ್ಪನ ಉಳಿಗೆ ಮೈಯೊಡ್ಡಬೇಕು.
ಕೊರೆಯುವುದು ಅವನು, ಬಣ್ಣ ತುಂಬುವುದು ನಾನು.
ಅಕ್ಷರಕ್ಕಿಷ್ಟು ಅಂತ ಕೂಲಿ,
ಒತ್ತಕ್ಷರವಾದರೆ ಅರ್ಧ ಜಾಸ್ತಿ.

ಮೊದಲ ಕಲ್ಲು ನಾನು ಹುಟ್ಟುವ ಮುಂಚಿನದು:
'ಮಾನ್ಯ ವಿದ್ಯುಚ್ಛಕ್ತಿ ಸಚಿವರು.'
ವಿದ್ಯುಚ್ಛಕ್ತಿ. ನಾಲ್ಕೇ ಅಕ್ಷರ, ಮೂರಕ್ಕೆ ಒತ್ತು.
ಚಕಾರದ ಕಾಲಬುಡದಲ್ಲಿ ಛಕಾರ ಕೂರಿಸಲು
ಅಪ್ಪನಿಗೆ ಎರಡು ಹಗಲು ಹಿಡಿಯಿತಂತೆ.
ಸಚಿವರು ಬಂದರು, ಸ್ವಿಚ್ಚು ಅದುಮಿದರು,
'ಈ ಭಾಗಕ್ಕೆ ಹೆಚ್ಚಿನ ಒತ್ತು ಕೊಟ್ಟಿದ್ದೇವೆ' ಅಂದರು.
ಒತ್ತು ಕೊಟ್ಟವನು ನಾನು ಕಣಯ್ಯಾ, ಅರ್ಧ ಕೂಲಿಗೆ,
ಅಂತ ಕಾಳಪ್ಪಾಚಾರ್
ನಲವತ್ತು ವರ್ಷ ಅದೊಂದೇ ಮಾತಿಗೆ ನಗುತ್ತಾ ಬಂದ.

ಆಮೇಲೊಂದು ದಿನ ಆ ಖಾತೆ 'ಇಂಧನ' ಆಯಿತು.
ಮೂರಕ್ಷರ. ಒಂದೂ ಒತ್ತಿಲ್ಲ.
ಅಜ್ಜಿ ಒಲೆ ಊದುತ್ತಾ ಕೇಳಿದಳು:
ಇಂಧನ ಅಂದರೆ ಸೌದೆ ಅಲ್ಲವೇನೋ,
ಸೌದೆಗೂ ಒಬ್ಬ ಮಂತ್ರಿಯಾ?

ಹನ್ನೊಂದು ದಿನ ಇದ್ದು ಹೋದವರೊಬ್ಬರು.
ಅವರ ಕಲ್ಲಿನ ಬೆನ್ನು ಉಜ್ಜಿ
ಮುಂದಿನವರ ಹೆಸರು ಕೊರೆದೆವು.
ಸಬ್‌ಸ್ಟೇಷನ್ ಗೋಡೆಯಲ್ಲಿ ಇವತ್ತಿಗೂ
ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ನಿಂತಿದ್ದಾರೆ,
ಜೀವಮಾನದಲ್ಲಿ ಒಂದು ಮಾತೂ ಆಡಿದವರಲ್ಲ.

ಲೈನ್‌ಮನ್ ಇನಾಯತ್ ಬಿಲ್ ಬಾಕಿ ಅಂತ
ನಮ್ಮ ಫ್ಯೂಸು ಕಿತ್ತುಕೊಂಡು ಹೋದ ದಿನ
ಇಲಾಖೆಯಿಂದ ನಮಗೆ ಬರಬೇಕಿದ್ದದ್ದು
ಮೂರು ಕಲ್ಲಿನ ದುಡ್ಡು.
ಅಪ್ಪ ಕೆಂಪು ಬಟ್ಟೆಯ ಪುಸ್ತಕ ತೋರಿಸಿದ:
ಅವರ ಖಾತೆ ಎಷ್ಟು ಸಲ ಕೈ ಬದಲಾದರೂ
ನೋಡು, ನನ್ನ ಖಾತೆಯಲ್ಲಿ ಹಾಗೇ ಇದೆ.
ಇನಾಯತ್ ಬೀಡಿ ಹಚ್ಚಿ, ಸ್ವಲ್ಪ ಹೊತ್ತು ಕೂತಿದ್ದು,
ಫ್ಯೂಸನ್ನು ಕಟ್ಟೆಯ ಮೇಲೆ ಮರೆತವನಂತೆ ಬಿಟ್ಟು ಎದ್ದ.

ಅಷ್ಟು ಹೊತ್ತಿಗೆ ಜಾವಗಲ್ಲಿನ ಕಡೆ ಗುಡ್ಡದ ಮೇಲೆ
ಬಿಳೀ ಫ್ಯಾನುಗಳು ಎದ್ದಿದ್ದವು.
ಯುಗಾದಿ ಮುಂಚೆಯೇ ಕಲ್ಲು ಕೈ ಸುಡುತ್ತಿತ್ತು.
ಬಣ್ಣ ಅಕ್ಷರದೊಳಗೆ ಇಳಿಯುವ ಮೊದಲೇ ಒಣಗುತ್ತಿತ್ತು.
ಇದನ್ನು ಯಾರಿಗೆ ಹೇಳುವುದು, ಯಾವ ಖಾತೆಗೆ?

ಹೋದ ಆಷಾಢದಲ್ಲಿ ಗುಮಾಸ್ತ ತಿಪ್ಪಯ್ಯ ಚೀಟಿ ತಂದ.
ಹೊಸ ಹೆಸರು:
'ಇಂಧನ ಮತ್ತು ಹವಾಮಾನ ಬದಲಾವಣೆ.'
ಅಪ್ಪ ಬೆರಳು ಮಡಚಿ ಎಣಿಸಿದ, ಮತ್ತೆ ಎಣಿಸಿದ.
ಇಷ್ಟುದ್ದದ ಖಾತೆಯಲ್ಲಿ ಒತ್ತು ಅಂತ ಇರುವುದು
ನಡುವಿನ 'ಮತ್ತು' ಒಂದಕ್ಕೇ.
ಅವನ ಕೈ ಆಗಲೇ ನಡುಗುತ್ತಿತ್ತು.
ಉಳಿ ಹಿಡಿದವಳು ನಾನು.
ಹ-ವಾ-ಮಾ-ನ.
ಮಾಕಾರದ ದೀರ್ಘ ಎಳೆಯುವಾಗ ಚೂರು ಸಿಡಿದು
ಹುಬ್ಬಿಗೆ ತಾಗಿತು, ಗುರುತು ಇನ್ನೂ ಇದೆ.

ಬಣ್ಣ ಒಣಗಿದ ಗುರುವಾರ ಸಂಪುಟ ಕದಲಿತು.
ಖಾತೆ ಇಬ್ಭಾಗ. ಇಂಧನ ಒಬ್ಬರಿಗೆ, ಹವಾಮಾನ ಇನ್ನೊಬ್ಬರಿಗೆ.
ತಿಪ್ಪಯ್ಯ ತಲೆ ಕೆರೆದುಕೊಂಡು ಬಂದ:
ಹೊಸ ಕಲ್ಲಿಗೆ ಮಂಜೂರಾತಿ ಇಲ್ಲ ಕಣಮ್ಮ,
ಇದನ್ನೇ ಎರಡು ಮಾಡಿಕೊಡು.

ಮಿಷನ್ ಇಟ್ಟೆ. ಅರ್ಧ ಕುಯ್ಯುವಷ್ಟರಲ್ಲಿ ಕರೆಂಟು ಹೋಯಿತು.
ಉಳಿದದ್ದನ್ನು ಚಾಣದಲ್ಲೇ ಹೊಡೆದೆ.
ಕಲ್ಲು ಮೂರಾಯಿತು.

ಇಂಧನ ಅವತ್ತೇ ಜೀಪು ಹತ್ತಿತು.
ಹವಾಮಾನ ಬದಲಾವಣೆಯನ್ನು ಒಯ್ಯಲು
ಇನ್ನೂ ಯಾರೂ ಬಂದಿಲ್ಲ. ಗೋಡೆಗೆ ಒರಗಿದೆ,
ಮಧ್ಯಾಹ್ನ ಮುಟ್ಟಲಾಗುವುದಿಲ್ಲ.
ನಡುವಿನ ಚೂರು ನನ್ನ ಮೇಜಿನ ಮೇಲಿದೆ.
'ಮತ್ತು' ಅಂತ ಓದಿ ಇನಾಯತ್ ನಕ್ಕ:
ಬಾರಿನವರಿಗೆ ಕೊಡು, ಬೋರ್ಡಿಗಾದೀತು.
ಕೊಡಲಿಲ್ಲ. ಗುಡ್ಡದ ಕಡೆಯಿಂದ ಗಾಳಿ ಎದ್ದಾಗ
ಕೆಂಪು ಪುಸ್ತಕದ ಹಾಳೆ ಹಾರದಂತೆ
ಅದನ್ನೇ ಹೇರಿ ಇಡುತ್ತೇನೆ.

ಬರೆದೆಯಾ ಅಂತ ಅಪ್ಪ ಮಂಚದಿಂದ ಕೇಳುತ್ತಾನೆ.
ಬರೆದೆ ಅಪ್ಪಾ:
ಎರಡಕ್ಷರ, ಒಂದು ಒತ್ತು,
ಬಾಕಿ.