ಊಹೂಂ

ಶನಿವಾರ ರಾತ್ರಿ ಒಂಬತ್ತೂಮುಕ್ಕಾಲು.
ಮತ್ತಿಕೆರೆಯ ನಮ್ಮ ಔಷಧಿ ಅಂಗಡಿಯ ಶಟರನ್ನು
ಮೊಣಕಾಲೆತ್ತರಕ್ಕೆ ಇಳಿಸಿ,
ಓಆರ್‌ಎಸ್ ಬಂದಿದ್ದ ಖಾಲಿ ರಟ್ಟಿನ ಡಬ್ಬ ಕೊಯ್ದು
ಮೂರು ಮಡಿಕೆಯ ಪರದೆ ಮಾಡಿ
ಅದರ ಹಿಂದೆ ಕೂತೆ.
ಇವತ್ತು ಒಂದು ಲೋಕಕ್ಕೆ ನಾನೇ ಗತಿ.

ಪರದೆಯ ಹಿಂದೆ ಏನಿತ್ತು ಅಂತ ಈಗ ಹೇಳಬಹುದು:
ಉದ್ದ ನೋಟ್‌ಬುಕ್ಕಿನ ಇಪ್ಪತ್ತೆರಡು ಪುಟ,
ಏಳು ತಲೆಮಾರು ರಾಜರು, ಅವರ ದಾಯಾದಿ ಜಗಳ,
ಗುಹೆಯಲ್ಲಿ ಮಲಗಿದ ಘಟಸರ್ಪ, ಅದರ ಹಲ್ಲಿನ ಲೆಕ್ಕ,
ಮತ್ತು ಒಂದು ಗ್ಯಾಸಿನ ಮಾತ್ರೆ, ನನಗೆ.
ಮೂರು ವಾರ ಬರೆದಿದ್ದೆ, ಬಿಲ್ಲಿನ ಬೆನ್ನಿಗೂ ಬರೆದಿದ್ದೆ.
ಕೆಮ್ಮಿನ ಔಷಧಿ ಕೇಳಿದವರೊಬ್ಬರಿಗೆ
"ಹೆಬ್ಬಾಗಿಲು ಮುಚ್ಚಿದೆ" ಅಂದುಬಿಟ್ಟಿದ್ದೆ.

ಆಡಲು ಬಂದವರು ಮೂವರು.
ಪಕ್ಕದ ಲ್ಯಾಬಿನಲ್ಲಿ ರಕ್ತ ತೆಗೆಯುವ ಫಿರ್ದೋಸ್, ಮಾಟಗಾತಿ.
ಕೊರಿಯರ್ ಎಡ್ವಿನ್, ಕೊಡಲಿ ಹಿಡಿದ ಯೋಧ;
ಹೆಲ್ಮೆಟ್ ತೆಗೆಯಲೇ ಇಲ್ಲ, ಪಾತ್ರಕ್ಕೆ ಬೇಕಂತೆ.
ಮಹಡಿಮನೆಯ ದಾಕ್ಷಾಯಿಣಿ ಮೇಡಂ
ಎಜಿ ಆಫೀಸಿನಲ್ಲಿ ಮೂವತ್ತೆರಡು ವರ್ಷ
ಊರವರ ಲೆಕ್ಕ ತಪಾಸಣೆ ಮಾಡಿದವರು,
ಕಳ್ಳತನದ ಪಾತ್ರವೇ ಬೇಕೆಂದು ಹಟ ಮಾಡಿ ಪಡೆದರು.

"ಕೋಟೆಯ ಹೆಬ್ಬಾಗಿಲು ನಿಮ್ಮೆದುರಿಗಿದೆ" ಅಂದೆ.
ದನಿ ನನ್ನದಲ್ಲ, ರೈಲ್ವೆ ಸ್ಟೇಷನ್ನಿನದು.
"ಮುಗಿಲು ಮುಟ್ಟುವ ಗೋಡೆ. ಒಳಗೆಲ್ಲೋ ನಗಾರಿ.
ಈಗ, ನೀವೇನು ಮಾಡ್ತೀರಿ?"

ಕತೆ ಅಂದರೆ ನನಗೆ ಗೊತ್ತಿದ್ದದ್ದು ಇಷ್ಟೇ:
ಒಬ್ಬರು ಹೇಳುವುದು, ಉಳಿದವರು ಹೂಂಗುಟ್ಟುವುದು.
ಹೂಂ ನಿಂತರೆ ಮಗು ಮಲಗಿತು ಅಂತ.
ಇಲ್ಲಿ ಯಾರೂ ಹೂಂ ಅನ್ನಲಿಲ್ಲ.
"ಊಹೂಂ" ಅಂದರು ಮೇಡಂ, ಕನ್ನಡಕದ ಮೇಲಿಂದ,
"ಬಾಗಿಲು ಬೇಡ. ಬಾಗಿಲ ಹೊರಗೆ ಯಾರಾದರೂ
ಏನಾದರೂ ಮಾರುತ್ತಿರಬೇಕಲ್ಲ?"

ಇರಬೇಕಲ್ಲ.
ಇಪ್ಪತ್ತೆರಡು ಪುಟ ತಿರುವಿದೆ.
ಏಳು ತಲೆಮಾರು ಆಳಿದ ಊರಲ್ಲಿ
ಒಬ್ಬ ಕಡಲೆಕಾಯಿಯವಳೂ ಇಲ್ಲ.

ನಾಲಗೆ ಒಣಗಿತು. ಇನ್ಸುಲಿನ್ ಇಟ್ಟ ಫ್ರಿಜ್ಜು ಗುರ್ರೆಂದಿತು.
"ಇದ್ದಾಳೆ, ಒಬ್ಬಳು. ಬೇಯಿಸಿದ ಗೆಣಸು ಮಾರ್ತಾಳೆ."
"ಹೆಸರು?"
ಹೆಸರು! ಕಣ್ಣು ಕಪಾಟೆಲ್ಲ ತಡಕಿತು.
"ಇಸಬಗೋಲಮ್ಮ."

ಎಡ್ವಿನ್ ಹೆಲ್ಮೆಟ್ಟಿನೊಳಗೇ ನಕ್ಕ, ಗಾಜು ಮಬ್ಬಾಗುವಷ್ಟು.
ಮುಗಿಯಿತು ಅಂದುಕೊಂಡೆ.
ಫಿರ್ದೋಸ್ ಮಾತ್ರ ನಗಲಿಲ್ಲ.
"ಇಷ್ಟು ಹೊತ್ತಲ್ಲಿ ಒಬ್ಬಳೇ ಯಾಕೆ ಕೂತಿದ್ದಾಳೆ?"

ಯಾಕೆ? ನನಗೂ ಗೊತ್ತಿರಲಿಲ್ಲ.
ಬಾಯಿ ತೆರೆದೆ, ನೋಡೋಣ ಏನು ಬರುತ್ತೋ ಅಂತ.
"ಮಗ ಒಳಗೆ ಹೋಗಿ ಹನ್ನೊಂದು ದಿನ.
ಬಾಗಿಲು ತೆಗೆದ ಹೊತ್ತಿಗೆ
ಗೆಣಸು ಬಿಸಿ ಇರಬೇಕು ಅಂತ."

ಆಮೇಲೆ ಎತ್ತು ಏರಿಗೆ, ಕೋಣ ನೀರಿಗೆ.
ಒಬ್ಬರಿಗೆ ಗೋಡೆ ಹತ್ತಬೇಕು, ಒಬ್ಬರಿಗೆ ಲಂಚ ಕೊಡಬೇಕು,
ಎಡ್ವಿನ್ "ಒಡೀತೀನಿ" ಅಂತ ದಾಳ ಎಸೆದ.
ಇಪ್ಪತ್ತು ಮುಖದ ಆ ದಾಳ ಕೌಂಟರ್ ಹಾರಿ
ಫ್ರಿಜ್ಜಿನ ಅಡಿ ಸೇರಿತು.
ಮೊಬೈಲ್ ಬೆಳಕು ಬಿಟ್ಟು, ನೆಲಕ್ಕೆ ಕೆನ್ನೆ ಹಚ್ಚಿ
ನಾನೊಬ್ಬನೇ ನೋಡಿದೆ, ಧೂಳಿನ ನಡುವೆ: ಒಂದು.
ಇಪ್ಪತ್ತು ಅನ್ನಬಹುದಿತ್ತು. ಯಾರಿಗೆ ಕಾಣುತ್ತೆ?
"ಒಂದು" ಅಂದೆ. "ಕೊಡಲಿ ಮುರೀತು."
ಎಡ್ವಿನ್ ತನ್ನ ಖಾಲಿ ಕೈ ನೋಡಿಕೊಂಡ.
ಲೆಕ್ಕ ತಾಳೆಯಾದವರ ಹಾಗೆ
ಮೇಡಂ ತಲೆಯಾಡಿಸಿದರು.

ಅಷ್ಟರಲ್ಲಿ ಶಟರ್ ಬಡಿದರು.
ಮಗುವಿಗೆ ಜ್ವರವಂತೆ. ಸಿರಪ್ ಕೊಟ್ಟೆ,
ಎಷ್ಟು ಎಂಎಲ್ ಅಂತ ಎರಡು ಸಲ ಹೇಳಿದೆ,
ಚಿಲ್ಲರೆ ಎಣಿಸಿ ವಾಪಸು ಬಂದು
"ಎಲ್ಲಿದ್ವಿ?" ಅಂದರೆ
ಮೂವರೂ ಒಟ್ಟಿಗೆ,
"ಇಸಬಗೋಲಮ್ಮನ ಹತ್ತಿರ."

ಹನ್ನೆರಡೂವರೆಗೆ ಎದ್ದರು.
ಹೆಬ್ಬಾಗಿಲು ದಾಟಲಿಲ್ಲ.
ಘಟಸರ್ಪ ಹತ್ತೊಂಬತ್ತನೆಯ ಪುಟದಲ್ಲಿ ಇನ್ನೂ ನಿದ್ದೆಯಲ್ಲಿದೆ,
ಅದರ ಹಲ್ಲು ಯಾರೂ ಎಣಿಸಲಿಲ್ಲ.
ದಾಳ ಫ್ರಿಜ್ಜಿನಡಿಯೇ ಇದೆ.

ಮುಂದಿನ ಶನಿವಾರಕ್ಕೆ
ಈ ವಾರವೆಲ್ಲ ಸೇರಿ ಬರೆದದ್ದು ಒಂದು ಸಾಲು:
ಯಶವಂತಪುರದ ಮಾರ್ಕೆಟ್ಟಿಗೆ ಹೋಗಿ
ಗೆಣಸಿನ ರೇಟು ಕೇಳಿಕೊಂಡು ಬರುವುದು.